ಲೋಟದ ತಳದ ಸಕ್ಕರೆ

ಫರಂಗಿಪೇಟೆ
೫ ಡಿಸೆಂಬರ್ ೨೦೦೪

ನವಾಝನ ಬಾಪನಿಗೆ,

ಅಸ್ಸಲಾಮು ಅಲೈಕುಂ. ಪೆರ್ನಾಲ್ ಹಬ್ಬ ಕಳೆದ ಕೂಡಲೇ ಬರೆಯುತ್ತೇನೆಂದು ಹೇಳಿ ಇಷ್ಟು ದಿನ ತಡ ಮಾಡಿದೆ, ಕ್ಷಮಿಸಿ. ವಾರಕ್ಕೊಮ್ಮೆ ಫೋನ್ ಬರುವಾಗ ಪತ್ರ ಯಾಕೆ ಎಂದು ನಿಮಗೆ ಅನಿಸಬಹುದು. ಫೋನ್ ಇರುವುದು ಚಾವಡಿಯಲ್ಲಿ, ಪಕ್ಕದಲ್ಲಿ ಮಾಮಿ ಕುಳಿತಿರುತ್ತಾರೆ. ಹೇಳಬೇಕಾದ ಮಾತು ಬಾಯಿಗೆ ಬರುವಷ್ಟರಲ್ಲಿ ನಿಮ್ಮ ಕಾರ್ಡ್ ಮುಗಿಯುತ್ತದೆ.

ಮಾಮಿಯ ಮಂಡಿನೋವು ಈಗ ಕಡಿಮೆ. ನೀವು ಕಳಿಸಿದ ಎಣ್ಣೆಯನ್ನು ಹಚ್ಚುವುದಕ್ಕಿಂತ ಹೆಚ್ಚು, ಮಗ ಕಳಿಸಿದ್ದು ಎಂದು ಬಂದವರಿಗೆ ಬಾಟಲಿ ತೋರಿಸುತ್ತಾರೆ. ಫಾಹಿಮಾ ಪರೀಕ್ಷೆಯಲ್ಲಿ ಗಣಿತ ಬಿಟ್ಟು ಬೇರೆಲ್ಲದರಲ್ಲೂ ಒಳ್ಳೆಯ ಅಂಕ ತೆಗೆದಿದ್ದಾಳೆ. ಗಣಿತದ ವಿಷಯ ಬಾಪನಿಗೆ ಹೇಳಬಾರದು ಎಂದಿದ್ದಾಳೆ. ನಾನು ಹೇಳಿದೆನೆಂದು ಅವಳಿಗೆ ಹೇಳಬೇಡಿ.

ಮೊನ್ನೆ ಶುಕ್ರವಾರ ನೀವು ಫೋನ್ ಮಾಡಿದಾಗ ನವಾಝ್ ಮನೆಯಲ್ಲಿಲ್ಲ ಎಂದೆ. ಅವನು ಮನೆಯಲ್ಲೇ ಇದ್ದ. ಬಾಗಿಲ ಹಿಂದೆ ನಿಂತು ಬೇಡ ಎಂದು ಕೈ ಆಡಿಸಿದ. ಅದರ ಹಿಂದಿನ ಶುಕ್ರವಾರ ನೀವು ಹೇಳಿದ ಮಾತು ಅವನ ಮನಸ್ಸಿನಿಂದ ಹೋಗಿಲ್ಲ. "ನೀನು ತಿನ್ನಲಿಲ್ಲ ಅಂದ್ರೆ ಡಬ್ಬಿ ಖಾಲಿಯಾದದ್ದು ಹೇಗೆ? ಬೆಕ್ಕು ತಿಂದಿತಾ? ಸುಳ್ಳುಗಾರನ ವೀಸಾಕ್ಕೆ ನಾನು ಯಾವ ಅರಬಿಯ ಕಾಲೂ ಹಿಡಿಯುವುದಿಲ್ಲ" ಎಂದಿರಿ. ಪಕ್ಕದಲ್ಲಿದ್ದ ಮಾಮಿಗೂ ಕೇಳಿಸಿತು.

ಆ ಡಬ್ಬಿಯ ಬಗ್ಗೆಯೇ ಈ ಪತ್ರ. ಮೊದಲಿನಿಂದ ಬರೆಯುತ್ತೇನೆ.

ಮಹಮ್ಮದ್ ಕುಂಞಿಯ ಕೈಯಲ್ಲಿ ಮೈಗೆ ಬಲ ಬರಲೆಂದು ನೀವು ಕಳಿಸಿದ ಕ್ರಿಯಾಟಿನ್ ಪುಡಿಯನ್ನು ನವಾಝ್ ಸ್ವಲ್ಪ ದಿನ ತಿಂದದ್ದು ನಿಜ. ರಂಝಾನಿಗೆ ಮೊದಲೇ ಬಿಟ್ಟ. ಅವನ ತಂಡ ಆಡುವುದು ಅರವತ್ತು ಕೆಜಿ ಒಳಗಿನವರ ಕಬಡ್ಡಿ. ತಂಡ ನೋಡಿಕೊಳ್ಳುವ ಲಾಯಿಲದ ಚನಿಯಪ್ಪಣ್ಣ, "ಅದು ಮೈಯಲ್ಲಿ ನೀರು ಹಿಡಿಸ್ತದೆ ಮಾರಾಯ, ತೂಕ ಏರ್ತದೆ, ನಿನಗೆ ಬೇಡ" ಎಂದರಂತೆ. ಇವನು ಬಂದು ಅದನ್ನು ನನಗೂ ಹೇಳಿ, ಡಬ್ಬಿಯನ್ನು ಅಡುಗೆಕೋಣೆಯ ಅಟ್ಟಕ್ಕೆ ಹಾಕಿದ. ತೂಕ ಏರುತ್ತದೆ ಎಂಬುದೊಂದೇ ನನ್ನ ತಲೆಯಲ್ಲಿ ಉಳಿಯಿತು. ಯಾವ ತಾಯಿಗೆ ಅದು ಕೆಟ್ಟ ಸುದ್ದಿ?

ಉಪವಾಸದ ತಿಂಗಳಲ್ಲಿ ಅವನ ಕೆನ್ನೆ ಒಳಹೋಯಿತು. "ಗಂಡ ಅಲ್ಲಿಂದ ಕಳಿಸಿದ್ದನ್ನು ಅಟ್ಟಕ್ಕೆ ಹಾಕಿ, ಮಗನನ್ನು ಒಣಮೀನು ಮಾಡಿದ್ದೀಯಲ್ಲ" ಎಂದು ಮಾಮಿ ಹೇಳುತ್ತಲೇ ಇದ್ದರು. ನೀವು ಕಳಿಸಿದ ಹಾಲಿನ ಪುಡಿಯನ್ನಾಗಲಿ ಸಾಬೂನನ್ನಾಗಲಿ ನಾನು ಹಾಳು ಮಾಡಿದವಳಲ್ಲ. ಬೆಳಗಿನ ಬಾಂಗಿಗೆ ಮೊದಲು ಅವನನ್ನು ಅತ್ತಾಳದ ಊಟಕ್ಕೆ ಎಬ್ಬಿಸಿ ಕೊಡುವ ಹಾಲಿಗೆ ಆ ಪುಡಿ ಹಾಕತೊಡಗಿದೆ. ಡಬ್ಬಿಯೊಳಗಿನ ಚಮಚ ತೀರಾ ಸಣ್ಣದು ಅನಿಸಿ, ಸಾರು ಬಡಿಸುವ ಚಮಚದಲ್ಲಿ ಹಾಕಿದೆ.

"ಸಕ್ಕರೆ ಕರಗಲಿಲ್ಲ ಉಮ್ಮ, ತಳದಲ್ಲಿ ಉಂಟು" ಎನ್ನುತ್ತಿದ್ದ ನಿದ್ದೆಗಣ್ಣಲ್ಲಿ.

"ಕದಡಿ ಕುಡಿ" ಎನ್ನುತ್ತಿದ್ದೆ. ಕುಡಿಯುತ್ತಿದ್ದ. ಆಮೇಲೆ ಸಂಜೆಯ ಮಗ್ರಿಬ್‌ವರೆಗೆ ಒಂದು ಹನಿ ನೀರಿಲ್ಲ. ಹೊಟ್ಟೆ ಉಬ್ಬರಿಸುತ್ತದೆ, ಭೇದಿಯಾಗುತ್ತದೆ ಎಂದಾಗ ಮಾಮಿ ಕರಿದ ತಿಂಡಿಯ ಮೇಲೆ ತಪ್ಪು ಹೊರಿಸಿದೆ. ಪೆರ್ನಾಲ್ ಆದ ಮೇಲೂ ಡಬ್ಬಿ ಮುಗಿಯುವವರೆಗೆ ರಾತ್ರಿಯ ಹಾಲಿಗೆ ಹಾಕಿದೆ.

ಪೆರ್ನಾಲಿನ ಮರುವಾರ ಮೂಡಬಿದ್ರೆಯಲ್ಲಿ ಪಂದ್ಯ. ತೂಕ ನೋಡುವಾಗ ಅರವತ್ತೆರಡು ದಾಟಿತ್ತಂತೆ. ಚನಿಯಪ್ಪಣ್ಣ ಎಲ್ಲರೆದುರು, "ಎಂತ ಮಾರಾಯ, ಉಪವಾಸದಲ್ಲಿ ಎಲ್ಲರೂ ಇಳಿದರು, ನೀನೊಬ್ಬ ಏರಿದ್ದಾ? ನಿನ್ನ ಉಪವಾಸ ರಾತ್ರಿ ಮಾತ್ರವಾ?" ಎಂದರು. ಹುಡುಗರು ನಕ್ಕರು. ಒಂದು ಉಪವಾಸವನ್ನೂ ಬಿಡದವನಿಗೆ ಆ ಮಾತು. ಬೆವರು ಸುರಿಸಿ ಇಳಿಸುತ್ತೇನೆಂದು ನೀರು ಕುಡಿಯದೆ ಬಿಸಿಲಲ್ಲಿ ಓಡಿದ. ಎರಡೂ ಕಾಲು ಸೆಟೆದುಕೊಂಡು ಬಿದ್ದ.

ಬಿ.ಸಿ.ರೋಡಿನ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಮೂತ್ರಪಿಂಡ ಹೊರಹಾಕಬೇಕಾದ ಅಂಶ ರಕ್ತದಲ್ಲಿ ಹೆಚ್ಚು ಉಂಟು ಎಂದರು. "ಪುಡಿಗಿಡಿ ಏನಾದರೂ ತಿನ್ತೀಯಾ?" ಎಂದು ಕೇಳಿದರು. "ಬಿಟ್ಟು ತುಂಬಾ ದಿನ ಆಯಿತು" ಎಂದ. ಮತ್ತೊಮ್ಮೆ ನೋಡಿದಾಗಲೂ ಹಾಗೆಯೇ ಬಂತು. ಹಾಗಾದರೆ ಮೂತ್ರಪಿಂಡದ ಕಾಯಿಲೆಯೇ ಇರಬಹುದು, ಮಂಗಳೂರಿಗೆ ಹೋಗಿ ಸೂಜಿ ಚುಚ್ಚಿ ಅದರ ಚೂರು ತೆಗೆಸಿ ನೋಡಬೇಕು ಎಂದರು. ಅದೇ ವಾರ ಮಾಮಿಗೆ ಅಟ್ಟದಲ್ಲಿ ಖಾಲಿ ಡಬ್ಬಿ ಸಿಕ್ಕಿತು. ನಿಮ್ಮ ಫೋನ್ ಬಂದಾಗ ಅವರು ಅದನ್ನೇ ಮೊದಲು ಹೇಳಿದ್ದು. ನೀವು ಅವನನ್ನು ಬೈಯುವಾಗ ನಾನು ಕಂಬಕ್ಕೆ ಒರಗಿ ನಿಂತಿದ್ದೆ.

ಮಂಗಳೂರಿಗೆ ಹೋಗುವ ಹಿಂದಿನ ದಿನ ಒಬ್ಬಳೇ ಡಾಕ್ಟರ ಬಳಿ ಹೋಗಿ ಹೇಳಿದೆ. ಅವರು, "ಆ ಪುಡಿ ತಿಂದರೂ ರಕ್ತದಲ್ಲಿ ಅದು ಏರಿ ಕಾಣ್ತದೆ ಅಮ್ಮ. ಮೂತ್ರಪಿಂಡ ಹಾಳಾಗಿದೆ ಅಂತಲೇ ಅಲ್ಲ. ಸೂಜಿ ಈಗ ಬೇಡ. ನೀರು ಚೆನ್ನಾಗಿ ಕುಡಿಯಲಿ, ಮುಂದಿನ ತಿಂಗಳು ಮತ್ತೆ ನೋಡುವ" ಎಂದರು. ಪೂರ್ತಿ ನೆಮ್ಮದಿ ಇನ್ನೂ ಇಲ್ಲ. ದುಆ ಮಾಡಿ.

ನವಾಝ್ ಸುಳ್ಳು ಹೇಳಿಲ್ಲ. ಪತ್ರ ಸಿಕ್ಕಿದ ಮೇಲಿನ ಶುಕ್ರವಾರ ಮೊದಲು ಅವನನ್ನೇ ಕರೆಯಿರಿ. ತಪ್ಪಾಯಿತು ಎನ್ನಲು ನಾಲಿಗೆ ಏಳದಿದ್ದರೆ ಊಟ ಆಯಿತಾ ಎಂದಾದರೂ ಕೇಳಿ. ಬೈಯುವುದಿದ್ದರೆ ಆಮೇಲೆ ನನ್ನನ್ನು ಬೈಯಿರಿ, ಮಾಮಿ ಕೇಳಿದರೂ ಅಡ್ಡಿಯಿಲ್ಲ.

ಅಲ್ಲಾಹನು ನಿಮಗೆ ಆರೋಗ್ಯ ಕೊಡಲಿ, ನಿಮ್ಮ ದುಡಿಮೆಯಲ್ಲಿ ಬರ್ಕತ್ ಇರಿಸಲಿ. ನಮ್ಮನ್ನು ಬೇಗ ಒಂದೇ ಚಾಪೆಯಲ್ಲಿ ಕೂರಿಸಲಿ.

ನಿಮ್ಮ
ಜುಲೈಕಾ

ಇದು ಮರೆತದ್ದಲ್ಲ, ಮೇಲೆ ಬರೆಯಲು ಕೈ ಬಾರದ್ದು: ಡಾಕ್ಟರು ಮೊದಲ ದಿನ ನನ್ನನ್ನೂ ಕೇಳಿದ್ದರು, "ನೀವೇನಾದರೂ ಕೊಡ್ತೀರಾ?" ಎಂದು. "ಇಲ್ಲ, ಬರೇ ಹಾಲು" ಎಂದೆ. ಅವರು ಇನ್ನೊಮ್ಮೆ ನನ್ನ ಮುಖ ನೋಡಿದರು. ಆಗ ನವಾಝ್, "ಉಮ್ಮ ಸುಳ್ಳು ಹೇಳುವವರಲ್ಲ ಡಾಕ್ಟ್ರೇ" ಎಂದ. ಈಗ ಅವನಿಗೂ ಎಲ್ಲ ಹೇಳಿದ್ದೇನೆ. "ಆಯ್ತು ಉಮ್ಮ" ಎಂದ, ಅಷ್ಟೇ. ರಾತ್ರಿ ನಾನು ಕೊಟ್ಟ ಹಾಲನ್ನು ಈಗಲೂ ಕುಡಿಯುತ್ತಾನೆ. ಆದರೆ ಕದಡುವುದಿಲ್ಲ, ಕೊನೆಯ ಗುಟುಕನ್ನು ಲೋಟದಲ್ಲೇ ಬಿಡುತ್ತಾನೆ. ತೊಳೆಯುವ ಮೊದಲು ನಾನು ತಳಕ್ಕೆ ಬೆರಳಿಟ್ಟು ನಾಲಿಗೆಗೆ ಮುಟ್ಟಿಸಿ ನೋಡುತ್ತೇನೆ. ಬರೇ ಸಕ್ಕರೆ.