ಸಾವಿರ ಲಿಂಗದ ಹೊಳೆ

ಲಾಂಗ್ ಬೀಚ್, ಲಾಸ್ ಏಂಜಲೀಸ್
ಮೇ ೪, ೨೦೨೫

ಅವ್ವಾ,

ಅಕ್ಷರ ನೋಡಿದೊಡನೆ ಯಾರದೆಂದು ನಿನಗೆ ಗೊತ್ತಾಗುತ್ತದೆ. ಹಾಗೆಂದು ಒಡೆಯದೆ ಇಟ್ಟುಬಿಡಬೇಡ. ಹುಬ್ಬಳ್ಳಿ ಬಿಟ್ಟು ಈ ದೇಶಕ್ಕೆ, ಪೊವೇ ಊರಿಗೆ ಬಂದ ವರ್ಷ, ಬೇರೆ ಮಕ್ಕಳೆಲ್ಲ ಶನಿವಾರ ಸಾಕರ್ ಆಡಲು ಹೋದರೆ ನೀನು ನನ್ನನ್ನು ಅಡುಗೆಮನೆಯ ಟೇಬಲ್ಲಿಗೆ ಕೂರಿಸಿ ಕಾಗುಣಿತ ಬರೆಸುತ್ತಿದ್ದೆ. ಆಗ ಎಷ್ಟು ಅತ್ತಿದ್ದೆನೋ. ಈಗ ನಿನ್ನ ಹತ್ತಿರ ಮಾತಾಡಲು ನನಗೆ ಉಳಿದಿರುವುದು ಅದೊಂದೇ ದಾರಿ.

ಅಪ್ಪನನ್ನು ಮಣ್ಣು ಮಾಡಿದ ದಿನ ನೀನು ನನ್ನೊಡನೆ ಒಂದು ಮಾತಾಡಿದೆ. ನಾನು ವಿರಾಕ್‌ನನ್ನು ಮದುವೆಯಾದ ಮೇಲೆ ನಿನ್ನ ಬಾಯಿಂದ ಕೇಳಿದ ಮೊದಲ ಮಾತು ಅದು. ಸ್ಮಶಾನದ ಹುಲ್ಲಿನ ಮೇಲೆ, ನಮ್ಮ ಜನರೆಲ್ಲ ಕೇಳುವ ಹಾಗೆ, "ಹುಬ್ಬಳ್ಳಿಗೆ ಹೊಂಟೇನಿ ಅಂತ ನನಗ ಹೇಳಿ ಹೋದ ಮನಿಷ್ಯಾನ್ನ ಆ ಕಾಡಿಗೆ ಯಾಕ ಕರ್ಕೊಂಡು ಹೋದಿ?" ಎಂದೆ. ಪಕ್ಕದ ಮನೆಯ ಶೋಭಾ ಆಂಟಿ ನಿನ್ನ ತೋಳು ಹಿಡಿದು ಕಾರಿನತ್ತ ಕರೆದುಕೊಂಡು ಹೋದರು. ಆಗ ನನಗೆ ಬಾಯಿ ಬರಲಿಲ್ಲ. ಈಗ ಹೇಳುತ್ತೇನೆ.

ನಾನು ಕರೆದುಕೊಂಡು ಹೋಗಲಿಲ್ಲ, ಅವ್ವ. ಅಪ್ಪನೇ ಬಂದ.

ಲಾಸ್ ಏಂಜಲೀಸ್‌ನಲ್ಲಿ ವಚನಗೋಷ್ಠಿ ಇದೆ ಎಂದು ತಿಂಗಳಿಗೊಮ್ಮೆ ಅಪ್ಪ ಹೊರಡುತ್ತಿದ್ದನಲ್ಲ, ಬರುತ್ತಿದ್ದುದು ನಮ್ಮ ಮನೆಗೆ. ಹೆಚ್ಚಾಗಿ ಕೂರುತ್ತಿದ್ದುದು ನನ್ನ ಅತ್ತೆಯ ಡೋನಟ್ ಅಂಗಡಿಯಲ್ಲಿ. ಅತ್ತೆ ಸಿಯೆಮ್ ರೀಪ್ ಕಡೆಯವರು. ಯುದ್ಧದ ಕಾಲದಲ್ಲಿ ಕಾಂಬೋಡಿಯಾದಿಂದ ಓಡಿ ಬಂದವರು. ಇಬ್ಬರ ಇಂಗ್ಲಿಷೂ ಅಷ್ಟಕ್ಕಷ್ಟೇ. ಆದರೂ ಗಂಟೆಗಟ್ಟಲೆ ಮಾತು. ಒಮ್ಮೆ ಅಪ್ಪನ ಕೊರಳಿನ ಇಷ್ಟಲಿಂಗ ನೋಡಿ ಅತ್ತೆ, ನಮ್ಮ ಊರಿನ ಬೆಟ್ಟದ ಮೇಲೊಂದು ಹೊಳೆಯಿದೆ, ಅದರ ತಳದ ಬಂಡೆಯಲ್ಲೆಲ್ಲ ಇಂಥವನ್ನೇ ಕೆತ್ತಿದ್ದಾರೆ, ಸಾವಿರ ಇವೆ ಎಂದರಂತೆ. ಅಪ್ಪ ನಂಬಲಿಲ್ಲ. ಆಮೇಲೆ ನಂಬಿದ. ಆಮೇಲೆ ಅದನ್ನು ಬಿಟ್ಟು ಬೇರೆ ಮಾತೇ ಇಲ್ಲ.

ಈ ಮಾರ್ಚಿನಲ್ಲಿ ಅತ್ತೆ, ಆ ಯುದ್ಧದ ಕಾಲದಲ್ಲಿ ಸತ್ತ ತಮ್ಮ ಅಣ್ಣಂದಿರ ಹೆಸರಿನಲ್ಲಿ ಪೂಜೆ ಮಾಡಿಸಲು ಊರಿಗೆ ಹೊರಟರು. ಜೊತೆಗೆ ನಾವಿಬ್ಬರು. ಅಪ್ಪ ಹುಬ್ಬಳ್ಳಿಯಲ್ಲಿ ನೆಂಟರ ಮದುವೆ ಮುಗಿಸಿ, ಬೆಂಗಳೂರಿನಿಂದ ಬ್ಯಾಂಕಾಕ್ ಮೂಲಕ ಅಲ್ಲಿಗೆ ಬಂದಿಳಿದ. ಒಂದು ದಿನದ ಗೈಡೆಡ್ ಟೂರ್ ಬುಕ್ ಮಾಡಿದೆವು. ಗೈಡಿನ ಹೆಸರು ದಾರಾ. ತಾರಾ ಎಂಬುದೇ ಅವರ ಬಾಯಲ್ಲಿ ದಾರಾ ಆಗಿದೆ, ಗಂಡಸರಿಗೂ ಇಡುತ್ತಾರೆ ಎಂದು ತಿಳಿದು ಅಪ್ಪನಿಗೆ ಹಿಗ್ಗೋ ಹಿಗ್ಗು.

ಬೆಳಿಗ್ಗೆ ಅಂಗ್ಕೋರ್ ವಾಟ್‌ನಲ್ಲಿ ಜನ ಕೆರೆಯ ದಂಡೆಯ ಮೇಲೆ ಫೋನ್ ಹಿಡಿದು ಸೂರ್ಯನಿಗೆ ಕಾಯುತ್ತಿದ್ದರೆ ಅಪ್ಪ ದಾರಾನನ್ನು ಎಳೆದುಕೊಂಡು ಒಳಗೆ ಹೋಗಿದ್ದ. ಸಮುದ್ರಮಥನದ ಗೋಡೆಯ ಮುಂದೆ ನಾವು ಹೋಗುವಷ್ಟರಲ್ಲಿ ಗೈಡಿಗೇ ಕಥೆ ಹೇಳುತ್ತಿದ್ದ. ದಾರಾ ನಗುತ್ತ, ನನ್ನ ಕೆಲಸ ನಿಮ್ಮಪ್ಪ ಕಿತ್ತುಕೊಂಡರು ಎಂದ. ಆಮೇಲೆ ಬಾಂತೆ ಸ್ರೈ ಎಂಬ ಸಣ್ಣ ಗುಡಿಗೆ ಹೋದೆವು. ಕೆಂಪು ಮರಳುಗಲ್ಲು. ಅಪ್ಪ ಅಂಗೈಯಿಟ್ಟು, "ಥೇಟ್ ನಮ್ಮ ಬಾದಾಮಿ ಕಲ್ಲ ನೋಡವ್ವ. ನಿಮ್ಮವ್ವನ್ನ ಲಗ್ನ ಆಗಿ ಮೊದಲಿಗೆ ಕರ್ಕೊಂಡು ಹೋಗಿದ್ದು ಅಲ್ಲಿಗೇ" ಎಂದ. ಅಲ್ಲಿಯವರೆಗೂ ಅವನ ಮುಖದಲ್ಲಿ ದಣಿವಿರಲಿಲ್ಲ. ಇದನ್ನು ನಾನು ಎಷ್ಟು ಸಲ ನೆನಪಿಸಿಕೊಂಡಿದ್ದೇನೆಂದರೆ, ಈಗ ಆ ಮುಖವೇ ಮಸುಕಾಗುತ್ತಿದೆ.

ಕ್ಬಾಲ್ ಸ್ಪಿಯನ್, ಅಂದರೆ ಆ ಹೊಳೆ, ಬೆಟ್ಟದ ಮೇಲಿದೆ. ವ್ಯಾನ್ ಬುಡದವರೆಗೆ ಮಾತ್ರ. ಅಲ್ಲಿಂದ ಕಾಡಿನಲ್ಲಿ ಬೇರು, ಬಂಡೆ ಹಿಡಿದು ಹತ್ತಬೇಕು. ಬಿಸಿಲು ಏರಿತ್ತು. ಮಂಡಿನೋವಿನ ಅತ್ತೆ ವ್ಯಾನಿನಲ್ಲೇ ಉಳಿದರು. ದಾರಾ ಎರಡು ಸಲ ಕೇಳಿದ: ಇವರಿಗೆ ಆಗುತ್ತದೆಯೇ? ನಾನೂ ಕೇಳಿದೆ. ವಿರಾಕ್ ಅಂತೂ, ನಾಳೆ ಬೆಳಿಗ್ಗೆ ತಂಪಿನಲ್ಲಿ ಬರೋಣ, ನಾನೇ ಕರೆತರುತ್ತೇನೆ ಎಂದು ಕೈ ಹಿಡಿದುಕೊಂಡ. ಆದರೆ ಮರುದಿನ ಅಪ್ಪನಿಗೆ ವಿಮಾನ ಇತ್ತು. ಅಪ್ಪ ಅವನ ಬೆನ್ನು ತಟ್ಟಿ ಮುಂದೆ ನಡೆದ. ನಿನಗೆ ಗೊತ್ತಲ್ಲ ಅವನ ನಡಿಗೆ, ಕೈ ಹಿಂದೆ ಕಟ್ಟಿಕೊಂಡು.

ಹೊಳೆಯಲ್ಲಿ ನೀರು ಕಣಕಾಲಿನಷ್ಟು. ತಳದ ಬಂಡೆಯೆಲ್ಲ ಲಿಂಗ, ಅವ್ವ. ಸಾಲು ಸಾಲಾಗಿ, ಒತ್ತೊತ್ತಾಗಿ, ಸವೆದು ನುಣ್ಣಗಾಗಿ. ಈ ನೀರು ಇವನ್ನು ಮುಟ್ಟಿಕೊಂಡು ಕೆಳಗೆ ಗದ್ದೆಗಳಿಗೆ ಹೋಗಲಿ ಎಂದು ಹಿಂದಿನವರು ಕೆತ್ತಿಸಿದರು ಎಂದ ದಾರಾ. ಅಪ್ಪ ಬಹಳ ಹೊತ್ತು ನಿಂತ. "ನಾವು ಕೊರಳಾಗ ಒಂದು ಕಟ್ಕೊಂಡು ತಿರಗತೀವಿ. ಇವರು ಹೊಳೀಗೇ ಕಟ್ಯಾರ" ಎಂದ. ಅಷ್ಟಂದು ಒಂದು ಬಂಡೆಯ ಮೇಲೆ ಕೂತ.

ಕೊನೆಯಲ್ಲಿ ನಿನ್ನ ಹೆಸರು ಹೇಳಿದ ಎಂದು ಬರೆದರೆ ನಿನಗೆ ಸಮಾಧಾನವಾಗಬಹುದು. ಹೇಳಲಿಲ್ಲ. "ಬೂಟ್ ಬಿಚ್ಚವ್ವ, ಬೂಟ್ ಹಾಕ್ಕೊಂಡು ಹ್ಯಾಂಗ ಕೂಡೂದು" ಎಂದ. ನಾನು ಬಗ್ಗಿ ಲೇಸ್ ಬಿಚ್ಚುತ್ತಿದ್ದೆ. ಒಂದು ಕಾಲಿನದು ಬಿಚ್ಚಿ ಇನ್ನೊಂದಕ್ಕೆ ಕೈ ಹಾಕುವಾಗ ಅವನ ಭಾರ ಪೂರ್ತಿ ನನ್ನ ಮೇಲೆ ಬಿತ್ತು.

ವಿರಾಕ್ ಎದೆ ಒತ್ತಿದ. ಅವನ ಕೈ ಸೋತಾಗ ದಾರಾ ಒತ್ತಿದ, ಆಮೇಲೆ ಮತ್ತೆ ವಿರಾಕ್. ಫೋನಿಗೆ ಸಿಗ್ನಲ್ ಇರಲಿಲ್ಲ. ಅಪ್ಪನ ತಲೆ ನನ್ನ ತೊಡೆಯ ಮೇಲಿತ್ತು. ಕಾಡಿನ ಕಾವಲುಗಾರರು ಓಡಿ ಬಂದು, ಮರಗಳಿಗೆ ಕಟ್ಟಿ ತಾವು ಮಲಗುವ ತೂಗುಬಲೆಯನ್ನು ಬಿದಿರಿಗೆ ಕಟ್ಟಿ ಅವನನ್ನು ಅದರಲ್ಲಿ ಮಲಗಿಸಿ ಇಳಿಸಿದರು. ಹಿಂದೆ ಒಂದು ಬೂಟು ಹಿಡಿದುಕೊಂಡು ನಾನು. ಕೆಳಗೆ ಅತ್ತೆ ಬಿದಿರಿನಲ್ಲಿ ತೂಗುತ್ತಿದ್ದ ಆ ಬಲೆ ನೋಡಿ ಕೂಗಿದ ಕೂಗನ್ನು ನಾನು ಮರೆಯಲಾರೆ. ಆಸ್ಪತ್ರೆಯಲ್ಲಿ ವೈದ್ಯರು ನೋಡಿ, ದಾರಿಯಲ್ಲೇ ಮುಗಿದಿತ್ತು ಎಂದರು. ನನಗೆ ಅನಿಸುತ್ತದೆ, ಮುಗಿದದ್ದು ಹೊಳೆಯಲ್ಲೇ.

ಅಲ್ಲಿ ಸುಡುತ್ತಾರೆ. ಸೆಕೆ ಬಹಳ, ತಡಮಾಡಬಾರದು, ನಮ್ಮ ವಿಹಾರದಲ್ಲಿ ಎಲ್ಲ ವ್ಯವಸ್ಥೆ ಮಾಡುತ್ತೇವೆ ಎಂದು ಅತ್ತೆಯ ಸಂಬಂಧಿಕರೆಲ್ಲ ಬಂದು ಹೇಳಿದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನಾನು ಕುಸಿದು ಹೋಗಿದ್ದೆ, ಹೂಂ ಎನ್ನುವುದರಲ್ಲಿದ್ದೆ. ಆಗ ಎದ್ದು ನಿಂತವರು ಅತ್ತೆ. ಅವರು ತಮ್ಮವರಿಗೆ ಖ್ಮೇರ್ ಭಾಷೆಯಲ್ಲಿ ಹೇಳಿದ್ದನ್ನು ವಿರಾಕ್ ನನಗೆ ಆಮೇಲೆ ಹೇಳಿದ: "ಇವರ ಜನ ಹೂಳುತ್ತಾರೆ. ನನ್ನ ಮೂವರು ಅಣ್ಣಂದಿರು ಯಾವ ಹೊಂಡದಲ್ಲಿದ್ದಾರೋ ನನಗೆ ಗೊತ್ತಿಲ್ಲ. ಈತನ ಹೆಂಡತಿಗಾದರೂ ಎಲ್ಲಿದ್ದಾನೆಂದು ಗೊತ್ತಿರಲಿ." ವಿಮಾನದಲ್ಲಿ ತರಲು ಬೇಕಾದ ಸತುವಿನ ಪೆಟ್ಟಿಗೆ ಸಿಗುವವರೆಗೆ ಅವರು ಅಪ್ಪನ ಪಕ್ಕ ಬಿಟ್ಟು ಏಳಲಿಲ್ಲ. ಅಣ್ಣಂದಿರ ಪೂಜೆ ನಡೆಯಲೇ ಇಲ್ಲ. ಅದರ ಬಗ್ಗೆ ಇವತ್ತಿಗೂ ಒಂದು ಮಾತು ಎತ್ತಿಲ್ಲ.

ಅಪ್ಪನನ್ನು ಕೂರಿಸಿ, ವಿಭೂತಿ ತುಂಬಿ ಹೂಳಲು ಇಲ್ಲಿಯ ಸ್ಮಶಾನದವರು ಒಪ್ಪಲಿಲ್ಲವೆಂದು ನೀನು ಅತ್ತದ್ದನ್ನು ದೂರದಿಂದ ನೋಡಿದೆ. ಯಂತ್ರ ಅವನನ್ನು ಮಲಗಿಸಿಯೇ ಇಳಿಸಿತು. ಹತ್ತಿರ ಬರಬೇಕೆನಿಸಿತು. ನಿನ್ನ ಸುತ್ತ ನಿಂತವರು ಜಾಗ ಬಿಡಲಿಲ್ಲ. ನಾನೂ ಕೇಳಲಿಲ್ಲ. ನಾನು ಎಸೆದ ಹಿಡಿ ಮಣ್ಣು ಎಲ್ಲರೂ ಹೋದ ಮೇಲಿನದು.

ಆ ಕಾಡಿನಲ್ಲಿ ಗಂಡ ದಿಕ್ಕಿಲ್ಲದೆ ಸತ್ತ ಎಂದು ನೀನು ಹೇಳಿಕೊಂಡು ಅಳುತ್ತೀಯಂತೆ. ಹಾಗಲ್ಲ ಎಂದು ತಿಳಿಸುವುದಕ್ಕೆ ಇಷ್ಟೆಲ್ಲ ಬರೆದೆ. ನನ್ನನ್ನು ಕ್ಷಮಿಸಬೇಕೆಂದೇನೂ ಕೇಳುವುದಿಲ್ಲ. ನೀನು ಮನೆಗೆ ಕರೆಯದಿದ್ದರೂ, ಬರುವ ಭಾನುವಾರ ಸಂಜೆ ಅಪ್ಪನ ಹತ್ತಿರ ಬಂದಿರುತ್ತೇನೆ. ಮಣ್ಣು ಇನ್ನೂ ಹಸಿ ಇದೆ, ಕಲ್ಲು ನಿಲ್ಲಿಸಿಲ್ಲ. ಬಿ.ಪಿ. ಮಾತ್ರೆ ತಪ್ಪಿಸಬೇಡ.

ನೀನು ಒಪ್ಪಿದರೂ ಒಪ್ಪದಿದ್ದರೂ ನಿನ್ನವಳೇ,
ಪ್ರಣತಿ

ಮರೆತಿದ್ದು: ಆ ದಿನ ಬೆಳಿಗ್ಗೆ ವ್ಯಾನಿನಲ್ಲಿ ಅಪ್ಪ ನನ್ನ ಕೈಗೊಂದು ಡಬ್ಬಿ ಕೊಟ್ಟ. ಶೇಂಗಾ ಹೋಳಿಗೆ. ಹುಬ್ಬಳ್ಳಿಯ ಅಂಗಡಿಯಿಂದ ತಂದೆ ಎಂದ. ತಿಂದೆ. ಏಲಕ್ಕಿ ಹಾಕಿರಲಿಲ್ಲ. ಏಲಕ್ಕಿ ತಿಂದರೆ ನನ್ನ ತುಟಿ ಬಾತುಕೊಳ್ಳುತ್ತದೆ ಎಂದು ಹುಬ್ಬಳ್ಳಿಯ ಯಾವ ಅಂಗಡಿಯವನಿಗೆ ಗೊತ್ತಿದೆ, ಅವ್ವ? ಅಪ್ಪ ಯಾರ ಹತ್ತಿರ ಹೊರಟಿದ್ದ ಎಂದು ನಿನಗೆ ಗೊತ್ತಿತ್ತು. ಸ್ಮಶಾನದಲ್ಲಿ ಅಷ್ಟು ಜನರ ಮುಂದೆ ನೀನು ಕೇಳಿದಾಗ ನಾನು ಸುಮ್ಮನಿದ್ದದ್ದು ಬಾಯಿ ಬಾರದೆ ಅಲ್ಲ, ಅವರೆದುರು ನಿನ್ನ ಮಾತು ಉಳಿಯಲಿ ಎಂದು.