ಬಾಯ್ಲರಿನ ಜ್ವರ

೧೪ ಅಕ್ಟೋಬರ್ ೨೦೨೫, ಮಂಗಳವಾರ

ತಂಗಿಗೆ ಕಾಗದ. ಮೊದಲು ಈ ಡೈರಿಯಲ್ಲಿ ಗೀಚಿ, ಆಮೇಲೆ ಇನ್‌ಲ್ಯಾಂಡಿಗೆ ಇಳಿಸುವುದು.

ಭಾಗ್ಯ, ನಿನ್ನ ಮಂಡಿನೋವು ಹೇಗಿದೆ? ಭಾವ ಹುಚ್ಚಣ್ಣನವರ ಕೆಮ್ಮು ಇಳಿಯಿತೇ? ನಿನ್ನ ಸೊಸೆ ವಾಣಿ, ಮಗು ಕ್ಷೇಮವೇ? ನಿಮ್ಮ ಹೂಟಗಳ್ಳಿ ದೂರವೇನಲ್ಲ, ಆದರೆ ನಿನಗೆ ಕಿವಿ ಮಂದವಾದ ಮೇಲೆ ಫೋನಿಗಿಂತ ಕಾಗದವೇ ಲೇಸು.

ನಾನು ಗಟ್ಟಿ. ನಿನ್ನ ಅತ್ತಿಗೆ ಕೆಂಚಮ್ಮನದೇ ಯೋಚನೆ. ಸಕ್ಕರೆ ಕಾಯಿಲೆ, ಪಾದಕ್ಕೆ ಸ್ಪರ್ಶವೇ ಇಲ್ಲ. ಆಗಸ್ಟಿನಲ್ಲಿ ಕುದಿನೀರು ಬಿದ್ದರೂ ತಿಳಿಯಲಿಲ್ಲ. ಚರ್ಮ ಸುಲಿದದ್ದು ನಾನು ನೋಡಿದ ಮೇಲೆ ಗೊತ್ತಾಯಿತು. ಈಗ ಮಾಯ್ದಿದೆ. ಮತ್ತೆ ಸುಟ್ಟರೆ ಬೆರಳು ಉಳಿಯುವುದಿಲ್ಲ ಎಂದಿದ್ದಾರೆ ಡಾಕ್ಟರು.

ನಮ್ಮ ತಾಮ್ರದ ಬಾಯ್ಲರು ತಾನಾಗಿ ಆಫ್ ಆಗುವಂಥದ್ದಲ್ಲ. ಸ್ವಿಚ್ ಹಾಕಿದರೆ ಕುದಿಯುತ್ತಲೇ ಇರುತ್ತದೆ. ವಿಡಿಯೋ ನೋಡಿ ಕಲಿತು ಅದರ ಹೊಟ್ಟೆಗೆ ಸೆನ್ಸರ್ ಅಂಟಿಸಿದೆ. ಎಷ್ಟು ಬಿಸಿ ಎಂದು ಫೋನಿನಲ್ಲಿ ಕಾಣುತ್ತದೆ. ನಲವತ್ತು ಡಿಗ್ರಿ ಮುಟ್ಟಿದರೆ ತಾನೇ ಕರೆಂಟು ಕಟ್.

"ಮನುಷ್ಯರ್ಗೆ ಜ್ವರ ನೋಡೋದ್ ಬುಟ್ಟು ಬಾಯ್ಲರ್‌ಗೆ ನೋಡ್ತಾವ್ರೆ" ಎಂದು ಕೆಂಚಮ್ಮ ನಗುತ್ತಾಳೆ. ಆದರೂ ಫೋನ್ ನೋಡದೆ ನಲ್ಲಿ ತಿರುಗಿಸುವುದಿಲ್ಲ. ಆಣೆ ಹಾಕಿಸಿಕೊಂಡಿದ್ದೇನೆ.

೧೯ ಅಕ್ಟೋಬರ್, ಭಾನುವಾರ, ಸಂಜೆ

ನೀರು ತುಂಬುವ ಹಬ್ಬ. ಹುಣಸೆಹಣ್ಣು ಹಾಕಿ ಬಾಯ್ಲರ್ ಉಜ್ಜಿದೆ. ಸುಣ್ಣ, ಕೆಮ್ಮಣ್ಣಿನ ಪಟ್ಟೆ ಎಳೆದೆ. ಕೆಂಚಮ್ಮ ಕುಂಕುಮವಿಟ್ಟು ಚೆಂಡುಹೂವಿನ ಹಾರ ಹಾಕಿದಳು. ನಾಳೆ ಬೆಳಿಗ್ಗೆ ಎಣ್ಣೆಸ್ನಾನ. ಬೆನ್ನು ನೋವು.

೨೦ ಅಕ್ಟೋಬರ್, ಬೆಳಿಗ್ಗೆ ೭

ಕೈ ಉರಿಯುತ್ತಿದೆ. ಅಕ್ಷರ ಸೊಟ್ಟ.

ಐದೂಕಾಲಿಗೆ ಸ್ವಿಚ್ ಹಾಕಿದೆ. ಅವಳ ತಲೆಗೆ ಎಣ್ಣೆ ಒತ್ತಿದೆ. ಆರು ಗಂಟೆ — ಫೋನಿನಲ್ಲಿ ಇಪ್ಪತ್ತನಾಲ್ಕು. ಆರೂವರೆ — ಇಪ್ಪತ್ತನಾಲ್ಕೇ. ಕಾಯಿಲ್ ಸುಟ್ಟಿತೇನೋ ಎಂದು ಹೊರಗೆ ಟೆಸ್ಟರ್ ಹುಡುಕುತ್ತಿದ್ದೆ. ಬಚ್ಚಲಿಂದ ಅವಳ ದನಿ.

"ಇನ್ನೂ ಇಪ್ಪತ್ನಾಲ್ಕೇ ಕಣ್ರೀ. ಎಣ್ಣೆ ಕಣ್ಗಿಳೀತಾ ಅದೆ. ತಣ್ಣೀರೇ ಆಗ್ಲಿ, ಹುಯ್ಕೊಬುಡ್ತೀನಿ."

"ಹೂಂ, ಹುಯ್ಕೊ" ಅಂದೆ. ನಾನೇ ಅಂದೆ.

ಆಗ ಕಿವಿಗೆ ಬಿತ್ತು — ಬಾಯ್ಲರಿನ ಮುಚ್ಚಳ ಟಕಟಕ ಕುಣಿಯುವ ಸದ್ದು.

ಓಡಿದೆ. ಸ್ಟೂಲಿನ ಮೇಲೆ ಕೂತಿದ್ದಾಳೆ. ಪಾದ ನಲ್ಲಿಯ ಕೆಳಗೆ. ಕೈ ನಲ್ಲಿಯ ಮೇಲೆ. ಕಾಲು ಹಿಡಿದು ಎಳೆದೆ. ಸ್ಟೂಲು ಉರುಳಿತು, ಅವಳೂ ಬಿದ್ದಳು. ನೀರು ನನ್ನ ಮುಂಗೈ ಮೇಲೆ... ಬೊಬ್ಬೆ ಎದ್ದಿದೆ. ಅವಳ ಪಾದ ನಾಲ್ಕು ಸಲ ತಿರುಗಿಸಿ ನೋಡಿದೆ. ಏನೂ ಆಗಿಲ್ಲ.

ಸೆನ್ಸರು ಹಾರದ ಹಿಂದೆ, ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಬಚ್ಚಲ ಗಾಳಿಯ ಜ್ವರ ನೋಡುತ್ತಿತ್ತು. ನಿನ್ನೆ ಉಜ್ಜುವಾಗ ಕಿತ್ತು ಸಿಕ್ಕಿಸಿದವನು ನಾನು. ಮತ್ತೆ ಅಂಟಿಸಲು ಮರೆತವನೂ ನಾನು.

ಅದೇ ದಿನ, ಹತ್ತೂವರೆ

ಕೈಗೆ ಮುಲಾಮು ಸವರುತ್ತಾ ಅವಳು: "ಹಾರ ಹಾಕೋವಾಗ ನಾನೇ ಕಿತ್ತಾಕ್ಬುಟ್ನೇನೋ. ನನ್ ದೆಸೆಯಿಂದ ನಿಮ್ ಕೈ ಸುಡ್ತಲ್ಲ." ಅತ್ತಳು.

ನಾನು ಸುಮ್ಮನಿದ್ದೆ.

೨೩ ಅಕ್ಟೋಬರ್, ಗುರುವಾರ

ಸೆನ್ಸರ್ ಅಂಟಿಸಿ ಮೂರು ದಿನ. ಅವಳು ಬಾಯ್ಲರ್ ಹತ್ತಿರ ಹೋಗುತ್ತಿಲ್ಲ. "ನನ್ ಕೈ ಸರೀಲ್ಲ, ನಾನ್ ಮುಟ್ಟಕಿಲ್ಲ." ಅಡುಗೆಮನೆಯಲ್ಲಿ ನೀರು ಕಾಯಿಸುತ್ತಾಳೆ. ಕುದಿಯುವ ಪಾತ್ರೆ ಹಿಡಿದು ಬಚ್ಚಲಿಗೆ ನಡೆಯುತ್ತಾಳೆ — ನೆಲವೇ ತಿಳಿಯದ ಆ ಪಾದಗಳ ಮೇಲೆ. ನಾನು ಹೊರುತ್ತೇನೆಂದರೆ, "ಸುಟ್ಟ ಕೈಲಾ?" ಅನ್ನುತ್ತಾಳೆ.

ನಿಜ ಹೇಳಿದರೆ ಬಾಯ್ಲರನ್ನು ಮತ್ತೆ ಮುಟ್ಟಿಯಾಳು. ನನ್ನನ್ನು ನಂಬುವಳೇ?

ಭಾಗ್ಯ, ಮೂರು ದಿನ ಸುಮ್ಮನಿದ್ದವನು ಈಗ ಹೇಗೆ ಬಾಯಿ ತೆರೆಯಲಿ? ಕೈಯಲ್ಲಾಗದಿದ್ದರೆ ವಾಣಿಯಿಂದಾದರೂ ಬರೆಸು, ಬೇಗ ಬರೆಸು. ನಿನ್ನ ಕಾಗದ ಬರುವವರೆಗೆ ನಾನು —

ಒಲೆ ಆರಿಸಿದಳು. ಪಾತ್ರೆ ಎತ್ತುತ್ತಿದ್ದಾಳೆ. ಮಿಕ್ಕಿದ್ದು, ಅವಳಿಗೆ ನಿಜ ಹೇಳಿ ಬಂದು —