ಚರ್ಮದ ಪಾಠ

೧೯೩೭ ಜೂನ್ ೮, ರಾಯದುರ್ಗ. ಬೆಳಿಗ್ಗೆ

ರಾಗಿ ಗಂಜಿ ಮತ್ತೆ ತಳ ಹಿಡಿಯಿತು. ಕುಡಿದೆ. ಹೆಂಡತಿ ಕದರಮ್ಮ ಇದ್ದಿದ್ದರೆ ನಾಯಿಗೆ ಸುರಿದು, ಆಮೇಲೆ ನನ್ನನ್ನು ಬೈಯುತ್ತಿದ್ದಳು.

ಅಂಬಮ್ಮ ಬೇಗನೆ ಹಾಜರು. ಅಂಗಡಿ ಚನ್ನಬಸವಯ್ಯನ ಮಗಳು. ಮದುವೆಯಾದ ವರ್ಷವೇ ಗಂಡ ಸತ್ತ. ಬಳ್ಳಾರಿಯಲ್ಲಿ ನರ್ಸ್ ಟ್ರೈನಿಂಗ್ ಸೇರಬೇಕು, ಮುಂದಿನ ತಿಂಗಳು ಇಂಟರ್‌ವ್ಯೂ. ರಿಟೈರ್ಡ್ ಕಂಪೌಂಡರ್ ನಾನು — ಈ ಊರಿಗೆ ಸಿಗುವ ಪ್ರೊಫೆಸರ್ ಇಷ್ಟೇ. ಇವತ್ತು: ಮೈಬಣ್ಣ ಯಾಕೆ ಕೆಡುತ್ತದೆ. ಕಂಪೌಂಡರ್ ಕ್ಲಾಸಿನಲ್ಲಿ ಒಂದು ವಾಕ್ಯ ಬಾಯಿಪಾಠ ಇತ್ತು. ದಿ ಸ್ಕಿನ್ ಈಸ್ ಎ ಕರ್ಟನ್... ಮುಂದಿನದು ಮರೆತೆ. ಚರ್ಮ ಒಂದು ಪರದೆಯಂತೆ, ಅದರ ಹಿಂದೆ ಏನಿತ್ತೋ.

ಹಳದಿ — ಲಿವರ್ ಕೆಟ್ಟು ಪಿತ್ತ ರಕ್ತಕ್ಕೆ ಸೇರಿದಾಗ. ಮೊದಲು ಕಣ್ಣು ನೋಡು ಅಂದೆ. ಕದರಮ್ಮನ ಕಣ್ಣು ಆ ಕೊನೇ ವಾರ... ಬೇಡ. ನೀಲಿ — ರಕ್ತಕ್ಕೆ ಗಾಳಿ ಸಾಲದಾಗ.

"ನಮ್ಮತ್ತಿ ಸಿಟ್ಟಿಗೆ ಕೆಂಪಗ ಆಗ್ತಿದ್ಲು. ಅದಕ್ಕ ಏನು ಔಷಧಿರಿ ಕಾಕಾ?"

"ಅದು ನಾರ್ಮಲ್."

"ದಿನಾ ಆಗ್ತಿತ್ರೀ!"

ಜೂನ್ ೧೦

ಬಿಳಿ ಕಲೆ. ಬಣ್ಣ ಕೊಡುವ ಕಣ ಸತ್ತರೆ ತೊನ್ನು. ಹಾಲಿನಂಥ ಬಿಳಿ. ಅಂಟುವುದಿಲ್ಲ, ಮುಟ್ಟಿದರೆ ರೋಗಿಗೆ ತಿಳಿಯುತ್ತದೆ. ಜನ ಅದನ್ನೇ ಕುಷ್ಠ ಅಂತಾರೆ. ಕುಷ್ಠದ ಕಲೆ ಪೂರ್ತಿ ಬಿಳಿಯಲ್ಲ, ಮಾಸಲು. ಅಲ್ಲಿ ನರ ಸತ್ತಿರುತ್ತದೆ, ಸೂಜಿ ಚುಚ್ಚಿದರೂ ಗೊತ್ತಾಗದು. ಕಣ್ಣು ಮುಚ್ಚಿಸಬೇಕು. ಮೊದಲು ಕೋಳಿಪುಕ್ಕ, ಆಮೇಲೆ ಪಿನ್ನು. ಮುಟ್ಟಿದ ಕಡೆ ರೋಗಿ ಬೆರಳಿಟ್ಟು ತೋರಿಸಬೇಕು.

ಎದುರುಮನೆ ಹುಲುಗಪ್ಪನ ಬೆನ್ನಿಗೆ ಚಿಬ್ಬಿನ ಮಾಸಲು ಕಲೆ. ಅವನ ಮೇಲೇ ಅಂಬಮ್ಮನ ಪ್ರಾಕ್ಟಿಕಲ್.

"ಅಯ್ಯಯ್ಯೋ! ಸಾಯಿಸ್ತೀಯೇನಬೇ?"

"ನೋವಾತಲ್ಲ? ಕುಷ್ಠ ಇಲ್ಲ ನಿನಗ. ಖುಷಿಪಡು ಮಾವ."

ಒಳ್ಳೆ ಕೈ. ನರ್ಸ್ ಆಗುತ್ತಾಳೆ.

ಜೂನ್ ೧೧, ಮಧ್ಯಾಹ್ನ

ಬರೆಯಲು ಮನಸ್ಸಿಲ್ಲ. ಆದರೂ.

"ನನಗೂ ಒಂದು ಮಾಸಲು ಮಚ್ಚಿ ಇತ್ರಿ ಕಾಕಾ," ಅಂತ ಎಡಗೈ ಚಾಚಿದಳು. ಮೊಣಕೈ ಕೆಳಗೆ ತೊಟ್ಟಿಲ ಹಚ್ಚೆ. ಮದುವೆಗೆ ಮುಂಚೆ ಅಜ್ಜಿ ಕೊರವಂಜಿಯನ್ನು ಕರೆಸಿ, ಮಚ್ಚೆ ಮುಚ್ಚುವಷ್ಟು ಅಗಲ ಹಾಕಿಸಿದ್ದಾಳೆ. ಈ ಕಡೆ ಅದು ವಾಡಿಕೆ. ಹೆಣ್ಣು ನೋಡಲು ಬಂದವರು ಹಚ್ಚೆ ಹೊಗಳಿ ಹೋಗುತ್ತಾರೆ.

"ಬಲಗೈಗೆ ಹಾಕಿದಾಗ ಅತ್ತು ಓಣಿ ಕೂಡಿಸಿದ್ದೆ. ಈ ಕೈಗೆ ಹುಂ ಅನ್ಲಿಲ್ಲ ನೋಡ್ರಿ! ಮಂಡಾಳು ತಿನ್ಕೋತ ಕುಂತಿದ್ದೆ. ಇಂಥಾ ಗಂಡೆದಿ ಹುಡುಗೀನ ಕಂಡಿಲ್ಲ ಅಂದ್ಲು ಕೊರವಂಜಿ."

ನಗುತ್ತಿದ್ದಳು. ನಾನೂ ನಕ್ಕಿರಬೇಕು. ತಲೆನೋವು ಅಂತ ಪಾಠ ಮುಗಿಸಿದೆ. ನಿನ್ನೆ ಹೇಳಿಕೊಟ್ಟದ್ದನ್ನು ತನ್ನ ತೋಳಿಗೆ ಹಚ್ಚಿ ನೋಡಿಲ್ಲ ಇನ್ನೂ.

ಜೂನ್ ೧೯, ಮಡಕಶಿರಾ

ತಮ್ಮ ಸಣ್ಣತಿಮ್ಮಪ್ಪನ ಮನೆ. ಕಡಲೆಕಾಯಿ ಬಿತ್ತನೆ ನೋಡಲು ಬಂದೆ ಅಂದೆ. "ಬಿತ್ತಾಕೆ ಇನ್ನೂ ತಿಂಗ್ಳೈತೆ. ಏನಣ್ಣ, ಯಾರ ಮೇಲೆ ಮುನಿಸ್ಕೊಂಡು ಬಂದೆ?" ಅಂತಾನೆ.

ಬಳ್ಳಾರಿಯಲ್ಲಿ ಮೈಯೆಲ್ಲ ಎಗ್ಸಾಮಿನ್ ಮಾಡುತ್ತಾರೆ. ಸೀಟು ಹೋಗುತ್ತದೆ. ಅಷ್ಟೇ ಆದರೆ ಸರಿ... ಊರಿಗೆ ತಿಳಿದರೆ ಅವರಪ್ಪನ ಅಂಗಡಿ ಉಪ್ಪು ಯಾರೂ ಮುಟ್ಟರು. ಔಷಧಿ ಇಲ್ಲ ಅಂತಲ್ಲ. ಎಣ್ಣೆ ಇಂಜೆಕ್ಷನ್ ಇದೆ, ಬೇಗ ಹಿಡಿದರೆ ಬೆರಳು ಉಳಿಯಬಹುದು. ಬೇಗ! — ನಾನಿಲ್ಲಿ ಕೂತು ಹುರುಳಿಸಾರು ಉಣ್ಣುತ್ತಿದ್ದೇನೆ.

ಹೇಳಬೇಕು. ಇಂಗ್ಲಿಷಿನಲ್ಲಿ ಸುಲಭ — ಅನೀಸ್ಥೆಟಿಕ್ ಪ್ಯಾಚ್. ಕನ್ನಡದಲ್ಲಿ ಕುಷ್ಠ ಅನ್ನಲು ಬಾಯಿ ಸುಡುತ್ತದೆ.

ಜೂನ್ ೨೧, ರಾಯದುರ್ಗ. ಸಂಜೆ

ಹೇಳುವ ಮುಂಚೆ ಅವಳೇ ಬಂದಳು. ಬಾಗಿಲು ಮುಂದೆ ಮಾಡಿದಳು.

"ಆವತ್ತು ಯಾಕ ಓಡಿಹೋದ್ರಿ ಕಾಕಾ?"

ಕೂರಲು ಚಾಪೆ ಹಾಸಿದೆ.

"ನಾನು ಚುಚ್ಚಿಕೊಂಡು ನೋಡೀನ್ರಿ. ಖರೇನ ತಿಳಿಯವಲ್ದು. ಕಣ್ಣು ತೆರೆದಿದ್ರ ನೋವು ಬಂದಂಗ ಅನಿಸ್ತೈತಿ. ನೀವು ಮಾಡ್ರಿ, ಪಾಠದಾಗ ಹೇಳಿದಂಗ."

ಕಣ್ಣು ಮುಚ್ಚಿದಳು. ಎಡಗೈ ಚಾಚಿ, ತೋರಿಸಲು ಬಲಗೈ ಬೆರಳು ಎತ್ತಿ ಹಿಡಿದಳು. ಪುಕ್ಕ ಆಡಿಸಿದೆ. ಬೆರಳು ಅಲುಗಲಿಲ್ಲ. ತೊಟ್ಟಿಲ ನಡುವೆ ಪಿನ್ನು ಇಟ್ಟೆ. ಒತ್ತಿದೆ. ಇನ್ನೊಂದು ಕಡೆ ಒತ್ತಿದೆ. ರಕ್ತದ ಬೊಟ್ಟು ಬಂತು.

"ತಡ ಯಾಕ್ರಿ ಕಾಕಾ," ಕಣ್ಣು ಮುಚ್ಚಿಕೊಂಡೇ ಅಂದಳು. "ಶುರು ಮಾಡ್ರಿ."

ನಾನು —